ಒಳಮನೆ, ಬಾದಾಮಿ, ಕಡಲಕುದುರೆ: ಶಿಡ್ಲಘಟ್ಟದಿಂದ ಮೆದುಳಿನ ಸ್ಪರ್ಧೆಗೆ

ಇನ್ನೂರು ಪುಟದ ಉದ್ದ ನೋಟ್‌ಬುಕ್ಕು ಅದು. ರಟ್ಟಿನ ಮೇಲೆ ಹಿಪ್ಪುನೇರಳೆ ಸೊಪ್ಪಿನ ಕಲೆ ಇದೆ. ಮೊದಲ ಪುಟದಲ್ಲಿ ನೀಲಿ ಪೆನ್ನಿನಲ್ಲಿ ಹೀಗೆ ಬರೆದಿದೆ: ಥಲಮಸ್ ಅಂದರೆ ಒಳಮನೆ. ಅಮಿಗ್ಡಲ ಅಂದರೆ ಬಾದಾಮಿ. ಹಿಪೊಕ್ಯಾಂಪಸ್ ಅಂದರೆ ಕಡಲಕುದುರೆ. ಪಾನ್ಸ್ ಅಂದರೆ ಸೇತುವೆ. ಸಬ್‌ಸ್ಟಾನ್ಷಿಯಾ ನೈಗ್ರಾ ಅಂದರೆ ಕಪ್ಪು ಪದಾರ್ಥ. ಡ್ಯೂರಾ ಮೇಟರ್ ಅಂದರೆ ಗಟ್ಟಿ ತಾಯಿ. ಪಯಾ ಮೇಟರ್ ಅಂದರೆ ಮೆತ್ತನೆ ತಾಯಿ.

ಇದನ್ನು ಬರೆದದ್ದು ನಾನು ಶಿಡ್ಲಘಟ್ಟದಲ್ಲಿ ಮೊದಲ ಪಿಯುಸಿ ಓದುತ್ತಿದ್ದ ವರ್ಷ, ಬ್ರೈನ್ ಬೀ ಎಂಬ ಸ್ಪರ್ಧೆಗೆ ತಯಾರಾಗುವಾಗ. ಈಗ ನಾನು ಬಿ.ಎಸ್ಸಿ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ಕಡೆಯ ಮಕ್ಕಳು ಯಾರಾದರೂ ಈ ಸ್ಪರ್ಧೆಗೆ ಹೋಗಬೇಕೆಂದಿದ್ದರೆ ಅವರಿಗೆ ಉಪಯೋಗವಾಗಲಿ ಎಂದು ನಾನು ಓದಿದ ರೀತಿಯನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ಎಡವಿದ ಜಾಗವನ್ನೂ ಸೇರಿಸಿ.

ಬ್ರೈನ್ ಬೀ ನರವಿಜ್ಞಾನದ ಸ್ಪರ್ಧೆ. 1990ರ ದಶಕದ ಕೊನೆಯಲ್ಲಿ ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ನಾರ್ಬರ್ಟ್ ಮಿಸ್ಲಿನ್ಸ್ಕಿ ಎಂಬ ಪ್ರಾಧ್ಯಾಪಕರು ಶುರು ಮಾಡಿದ್ದು. 13ರಿಂದ 19 ವಯಸ್ಸಿನವರಿಗೆ. ಮೊದಲು ಊರಿನ ಅಥವಾ ಪ್ರದೇಶದ ಸುತ್ತು, ಅಲ್ಲಿ ಗೆದ್ದವರಿಗೆ ದೇಶದ ಸುತ್ತು, ದೇಶದಲ್ಲಿ ಗೆದ್ದವರಿಗೆ ಜಗತ್ತಿನ ಸುತ್ತು. ಬರೀ ಪ್ರಶ್ನೋತ್ತರ ಅಲ್ಲ. ಮೇಲಿನ ಸುತ್ತುಗಳಲ್ಲಿ ನಿಜವಾದ ಮೆದುಳಿನ ಭಾಗಗಳನ್ನು ಗುರುತಿಸಬೇಕು, ಸೂಕ್ಷ್ಮದರ್ಶಕದಲ್ಲಿ ಅಂಗಾಂಶ ನೋಡಿ ಹೇಳಬೇಕು, ರೋಗಿಯ ಹಾಗೆ ನಟಿಸುವವರನ್ನು ಮಾತಾಡಿಸಿ ಕಾಯಿಲೆ ಯಾವುದೆಂದು ಹೇಳಬೇಕು.

ನಮ್ಮ ಜೀವಶಾಸ್ತ್ರದ ಮೇಡಂ ತರಗತಿಯಲ್ಲಿ ಈ ವಿಷಯ ಹೇಳಿ, "ಯಾರ್ ಹೋಗ್ತೀರ?" ಎಂದಾಗ ಕೈ ಎತ್ತಿದ್ದು ಮೂರು ಜನ. ನಾನು ಕೈ ಎತ್ತಿದ್ದಕ್ಕೆ ಕಾರಣ ನಮ್ಮ ತಾತ. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಓದಬೇಕಾದ ಪುಸ್ತಕ 'ಬ್ರೈನ್ ಫ್ಯಾಕ್ಟ್ಸ್', ಅಮೆರಿಕದ ಸೊಸೈಟಿ ಫಾರ್ ನ್ಯೂರೋಸೈನ್ಸ್ ಪ್ರಕಟಿಸಿದ್ದು. ಪುಕ್ಕಟೆ ಸಿಗುತ್ತದೆ. ಮೇಡಂ ಮೊಬೈಲಿಗೆ ಕಳಿಸಿದರು, ನಾನು ಬಸ್ ಸ್ಟ್ಯಾಂಡ್ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಸ್ಪೈರಲ್ ಹಾಕಿಸಿದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಮೊದಲ ಮೂರು ವಾರ ಇಂಗ್ಲಿಷಿನಲ್ಲೇ ಉರು ಹೊಡೆದೆ. ಸಂಜೆ ಓದಿದ್ದು ಬೆಳಿಗ್ಗೆ ಸೊಪ್ಪು ಕೊಯ್ಯುವಾಗ ನೆನಪಿರುತ್ತಿರಲಿಲ್ಲ. ಹಿಪೊಕ್ಯಾಂಪಸ್, ಹೈಪೊಥಲಮಸ್, ಹಿಪೊ ಯಾವುದು ಹೈಪೊ ಯಾವುದು ಎಂದು ತಲೆ ಕೆಡುತ್ತಿತ್ತು. ಬಿಟ್ಟುಬಿಡೋಣ ಅನ್ನಿಸಿ ಒಂದು ದಿನ ಮೇಡಂ ಹತ್ತಿರ ಹೋದೆ.

ಅವರು ಬೈಯಲಿಲ್ಲ, ಧೈರ್ಯದ ಮಾತೂ ಹೇಳಲಿಲ್ಲ. "ಥಲಮಸ್ ಅಂದ್ರೆ ಏನು ಗೊತ್ತಾ?" ಎಂದು ಕೇಳಿದರು. ಕಣ್ಣು, ಕಿವಿ, ಚರ್ಮದಿಂದ ಬರುವ ಸುದ್ದಿ ಹಾದುಹೋಗುವ ಜಾಗ ಎಂದೆ. "ಅದು ಅದರ ಕೆಲಸ. ಹೆಸರಿನ ಅರ್ಥ ಏನು?" ಗೊತ್ತಿರಲಿಲ್ಲ. ಗ್ರೀಕ್ ಭಾಷೆಯಲ್ಲಿ ಥಲಮಸ್ ಎಂದರೆ ಮನೆಯ ಒಳಗಿನ ಕೋಣೆ ಎಂದು ಅವರು ಹೇಳಿದರು. ಹೈಪೊ ಎಂದರೆ ಕೆಳಗೆ. ಹಾಗಾದರೆ ಹೈಪೊಥಲಮಸ್ ಒಳಮನೆಯ ಕೆಳಗಿನದು. ಹಿಪೊ ಎಂದರೆ ಕುದುರೆ, ಹಿಪೊಕ್ಯಾಂಪಸ್ ಕಡಲಕುದುರೆ, ಏಕೆಂದರೆ ಅದನ್ನು ಬಿಡಿಸಿ ತೆಗೆದರೆ ಹಾಗೇ ಬಾಗಿಕೊಂಡು ಕಾಣುತ್ತದೆ.

ಆ ಹತ್ತು ನಿಮಿಷದಲ್ಲಿ ನನ್ನ ಓದು ಬದಲಾಯಿತು. ಇಷ್ಟು ದಿನ ನನ್ನನ್ನು ಹೆದರಿಸಿದ ಹೆಸರುಗಳೆಲ್ಲ ಯಾವುದೋ ಕಾಲದಲ್ಲಿ ಯಾರೋ ತಮ್ಮ ಮನೆಯಲ್ಲಿ, ಅಡುಗೆಮನೆಯಲ್ಲಿ, ಸಮುದ್ರದ ದಂಡೆಯಲ್ಲಿ ಕಂಡದ್ದನ್ನು ಮೆದುಳಿಗೆ ಇಟ್ಟ ಹೆಸರುಗಳು. ಗಟ್ಟಿ ತಾಯಿ, ಮೆತ್ತನೆ ತಾಯಿ ಅನ್ನುವ ಪೊರೆಗಳ ಹೆಸರಂತೂ ಅರಬ್ಬಿ ವೈದ್ಯರ ಪುಸ್ತಕಗಳಿಂದ ಲ್ಯಾಟಿನ್ನಿಗೆ ಅನುವಾದವಾಗಿ ಬಂದವು. ಅರಬ್ಬಿಯಿಂದ ಲ್ಯಾಟಿನ್ನಿಗೆ ಬರಬಹುದಾದರೆ ನನ್ನ ನೋಟ್‌ಬುಕ್ಕಿನಲ್ಲಿ ಕನ್ನಡಕ್ಕೂ ಬರಬಹುದು ಎಂದು ಅವತ್ತು ರಾತ್ರಿಯೇ ಆ ಮೊದಲ ಪುಟ ಬರೆದೆ.

ಇದರಿಂದ ನಾನು ಎಣಿಸದ ಇನ್ನೊಂದು ಲಾಭವಾಯಿತು. ನಮ್ಮ ಅಮ್ಮ ಏಳನೇ ಕ್ಲಾಸು ಓದಿದ್ದಾರೆ, ಕನ್ನಡ ಚೆನ್ನಾಗಿ ಓದುತ್ತಾರೆ. ನೋಟ್‌ಬುಕ್ಕು ಕನ್ನಡದಲ್ಲಿದ್ದದ್ದರಿಂದ ಅವರೇ ನನ್ನ ಪರೀಕ್ಷಕರಾದರು. ರಾತ್ರಿ ಮುದ್ದೆ ತಿರುವುತ್ತಾ, ಪಕ್ಕದಲ್ಲಿ ಪುಸ್ತಕ ತೆರೆದಿಟ್ಟುಕೊಂಡು, "ಭಯ ಹುಟ್ಟೋದು ಎಲ್ಲಿಂದ?" ಎಂದು ಕೇಳುವರು. ನಾನು "ಬಾದಾಮಿ" ಅನ್ನಬೇಕು. "ಗಟ್ಟಿ ತಾಯಿ ಒಳಗಡೆ ಯಾವ ಪೊರೆ?" ಎಂದರೆ "ಜೇಡರ ಬಲೆ, ಅದರೊಳಗೆ ಮೆತ್ತನೆ ತಾಯಿ". ಅಮ್ಮ ಒಂದು ದಿನ ಕೇಳಿದರು: "ಎರಡು ತಾಯಿ ಯಾಕೆ ಬೇಕಿತ್ತು?" ಹೊರಗಿನದು ತಲೆಬುರುಡೆಗೆ ಅಂಟಿಕೊಂಡು ಪೆಟ್ಟು ತಡೆಯುತ್ತದೆ, ಒಳಗಿನದು ಮೆದುಳಿನ ಒಂದೊಂದು ಮಡಿಕೆಯೊಳಕ್ಕೂ ಇಳಿದು ಅಪ್ಪಿಕೊಂಡಿರುತ್ತದೆ ಎಂದೆ. "ಸರಿ, ಎರಡೂ ಬೇಕು ಹಾಗಾದ್ರೆ" ಎಂದರು. ಆ ಉತ್ತರವನ್ನು ನಾನು ಮರೆತದ್ದೇ ಇಲ್ಲ.

ನಮ್ಮದು ರೇಷ್ಮೆ ಸಾಕುವ ಮನೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಹುಳುವಿಗೆ ಸೊಪ್ಪು ಹಾಕಿ, ಓದಿ, ಕಾಲೇಜಿಗೆ ಹೋಗಬೇಕು. ಸ್ಪರ್ಧೆಗೆ ಎರಡು ವರ್ಷ ಮುಂಚೆ ಒಂದು ಬೆಳೆ ಪೂರ್ತಿ ಕಳೆದುಕೊಂಡಿದ್ದೆವು. ಮುನ್ನೂರು ಮೊಟ್ಟೆ (ಒಂದು ಚಿಟ್ಟೆ ಇಟ್ಟ ಮೊಟ್ಟೆಗಳ ಗುಂಪಿಗೆ ನಾವು ಒಂದು ಮೊಟ್ಟೆ ಎನ್ನುತ್ತೇವೆ) ಸಾಕಿದ್ದೆವು, ನಾಲ್ಕನೇ ಜ್ವರ ಎದ್ದು, ಅಂದರೆ ನಾಲ್ಕನೇ ಸಲ ಪೊರೆ ಕಳಚಿ, ಹುಳು ಜೋರಾಗಿ ತಿನ್ನುತ್ತಿದ್ದ ಹೊತ್ತು. ಪಕ್ಕದ ತೋಟದವರು ಟೊಮ್ಯಾಟೊಗೆ ಔಷಧಿ ಹೊಡೆದರು, ಗಾಳಿ ನಮ್ಮ ಕಡೆಗಿತ್ತು. ಅಪ್ಪ ಅದು ತಿಳಿಯದೆ ಮಾರನೆಯ ದಿನ ಆ ಬದಿಯ ಸೊಪ್ಪನ್ನೇ ಕೊಯ್ದು ತಂದರು. ಮಧ್ಯಾಹ್ನದ ಹೊತ್ತಿಗೆ ಹುಳುಗಳು ತಲೆ ಎತ್ತಿ ಅತ್ತಿತ್ತ ಒಲೆಯುತ್ತಿದ್ದವು, ಬಾಯಿಂದ ಹಸಿರು ರಸ ಕಾರುತ್ತಿದ್ದವು, ಮೈ ತಿರುಚಿಕೊಂಡು ಸಾಯುತ್ತಿದ್ದವು. ಸಂಜೆ ಅಪ್ಪ ತಟ್ಟೆಗಳನ್ನೆಲ್ಲ ಹೊತ್ತೊಯ್ದು ಗುಂಡಿಗೆ ಸುರಿದರು. ಯಾರೂ ಊಟ ಮಾಡಲಿಲ್ಲ.

ಆವತ್ತು ವಿಷ ಅಂತ ಮಾತ್ರ ಗೊತ್ತಿತ್ತು. ಅದು ಏನು ಮಾಡುತ್ತದೆ ಎಂದು ತಿಳಿದದ್ದು ಅಸಿಟೈಲ್‌ಕೋಲಿನ್ ಪಾಠ ಓದುವಾಗ. ಒಂದು ನರಕೋಶ ಇನ್ನೊಂದಕ್ಕೆ ಸುದ್ದಿ ಕೊಡುವಾಗ ನಡುವಿನ ಸಣ್ಣ ಸಂದಿಗೆ, ಅಂದರೆ ಸಿನಾಪ್ಸ್‌ಗೆ, ಈ ರಾಸಾಯನಿಕ ಸುರಿಯುತ್ತದೆ. ಆಚೆ ಬದಿಯವನಿಗೆ ಸುದ್ದಿ ಮುಟ್ಟಿದ ಕೂಡಲೇ ಒಂದು ಕಿಣ್ವ ಬಂದು ಅದನ್ನು ಒಡೆದು ಸಂದಿಯನ್ನು ಚೊಕ್ಕ ಮಾಡುತ್ತದೆ. ಇಲ್ಲದಿದ್ದರೆ ಸುದ್ದಿ ನಿಲ್ಲುವುದೇ ಇಲ್ಲ. ಆರ್ಗನೋಫಾಸ್ಫೇಟ್ ಜಾತಿಯ ಕೀಟನಾಶಕ ಆ ಕಿಣ್ವದ ಕೈ ಕಟ್ಟಿಹಾಕುತ್ತದೆ. ಸಂದಿ ತುಂಬಿ ತುಳುಕುತ್ತದೆ, ನರ ಬಡಿದುಕೊಳ್ಳುತ್ತಲೇ ಇರುತ್ತದೆ, ಜೀವ ಸುಸ್ತಾಗಿ ನಿಲ್ಲುವವರೆಗೆ. ಇಮಿಡಾಕ್ಲೋಪ್ರಿಡ್ ಜಾತಿಯದು ಇನ್ನೊಂದು ದಾರಿ ಹಿಡಿಯುತ್ತದೆ: ಅಸಿಟೈಲ್‌ಕೋಲಿನ್ ಕೂರುವ ಜಾಗದಲ್ಲಿ ತಾನೇ ಹೋಗಿ ಕೂತುಬಿಡುತ್ತದೆ. ನಾನು ಆ ಪುಟ ಓದುತ್ತಾ ಆ ಮಧ್ಯಾಹ್ನದ ಹುಳುಗಳನ್ನು ಮತ್ತೆ ಕಂಡೆ. ಒಂದೊಂದು ಹೆಸರೂ ಒಂದೊಂದು ತಟ್ಟೆಯ ಹಾಗೆ ಮನಸ್ಸಿನಲ್ಲಿ ಕೂತಿತು.

ಮನುಷ್ಯರಲ್ಲೂ ಅದೇ ಕಿಣ್ವ. ಔಷಧಿ ಹೊಡೆಯುವಾಗ ವಿಷ ಏರಿದವರ ಕಣ್ಣಪಾಪೆ ಸಾಸಿವೆಯಷ್ಟು ಚಿಕ್ಕದಾಗುತ್ತದೆ, ಜೊಲ್ಲು ಸುರಿಯುತ್ತದೆ, ಬೆವರು ಕಿತ್ತುಕೊಳ್ಳುತ್ತದೆ. ಆಸ್ಪತ್ರೆಯಲ್ಲಿ ಅದಕ್ಕೆ ಕೊಡುವುದು ಅಟ್ರೋಪಿನ್. ಉಮ್ಮತ್ತಿ ಗಿಡದಲ್ಲಿರುವುದೂ ಅದೇ ವಂಶದ ವಸ್ತು. ಅದಕ್ಕೇ ಉಮ್ಮತ್ತಿ ತಿಂದವರಲ್ಲಿ ಎಲ್ಲ ತಿರುಗುಮುರುಗು: ಬಾಯಿ ಒಣಗುತ್ತದೆ, ಪಾಪೆ ಅಗಲವಾಗುತ್ತದೆ, ಇಲ್ಲದ್ದೆಲ್ಲ ಕಾಣುತ್ತದೆ. ಹಾಗೆಂದು ಮನೆಯಲ್ಲಿ ಉಮ್ಮತ್ತಿಯನ್ನು ಮದ್ದು ಮಾಡಲು ಯಾರೂ ಹೋಗಬಾರದು. ಅದು ಎಷ್ಟಕ್ಕೆ ಮದ್ದು ಎಷ್ಟಕ್ಕೆ ವಿಷ ಎಂದು ಗಿಡ ನೋಡಿ ಹೇಳಲಾಗುವುದಿಲ್ಲ.

ಬೇಸಿಗೆಯಲ್ಲಿ ಹುಳು ಇಲ್ಲದಾಗ ಅಮ್ಮ ರೇಷ್ಮೆ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಗೆ ಕೂಲಿಗೆ ಹೋಗುತ್ತಿದ್ದರು. ಗೂಡು ಒಡೆದು ಬಂದ ಚಿಟ್ಟೆಗಳಲ್ಲಿ ಗಂಡು ಹೆಣ್ಣು ಬೇರೆ ಮಾಡಿ ಜೋಡಿ ಬಿಡುವ ಕೆಲಸ. "ಹೆಣ್ಣು ಚಿಟ್ಟೆ ಕೂತ ಕಡೆ ಕೂತಿರ್ತದೆ. ಗಂಡು ಮಾತ್ರ ತಟ್ಟೆ ಆಚೆ ಇದ್ರೂ ರೆಕ್ಕೆ ಪಟಪಟ ಬಡೀತಾ ಸುತ್ತು ಹಾಕ್ಕೊಂಡು ಬಂದು ಸೇರ್ತದೆ" ಎಂದು ಅಮ್ಮ ಎಷ್ಟೋ ಸಲ ಹೇಳಿದ್ದರು. ಹಾರಲು ಬಾರದ ಚಿಟ್ಟೆ ಅದು, ಆದರೂ ರೆಕ್ಕೆ ಬಡಿಯುತ್ತದೆ. ಅಮ್ಮ ನೋಡಿದ್ದನ್ನೇ ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಎಂಬ ರಸಾಯನ ವಿಜ್ಞಾನಿ ಸುಮಾರು 20 ವರ್ಷ ಹಿಂಬಾಲಿಸಿದರು. ಸುಮಾರು 5 ಲಕ್ಷ ಹೆಣ್ಣು ರೇಷ್ಮೆ ಚಿಟ್ಟೆಗಳಿಂದ ಗ್ರಂಥಿ ತೆಗೆದು, 1959ರಲ್ಲಿ ಗಂಡನ್ನು ಸೆಳೆಯುವ ವಾಸನೆಯ ವಸ್ತು ಯಾವುದೆಂದು ಕಂಡುಹಿಡಿದರು. ಹೆಸರು ಬಾಂಬಿಕಾಲ್. ಒಂದು ಜೀವಿ ತನ್ನ ಜಾತಿಯ ಇನ್ನೊಂದಕ್ಕೆ ಸುದ್ದಿ ಕೊಡಲು ಬಿಡುವ ಇಂಥ ವಸ್ತುವಿಗೆ ಫೆರೊಮೋನ್ ಎನ್ನುತ್ತಾರೆ. ಜಗತ್ತಿನಲ್ಲಿ ರಚನೆ ತಿಳಿದ ಮೊದಲ ಫೆರೊಮೋನ್ ನಮ್ಮ ರೇಷ್ಮೆ ಚಿಟ್ಟೆಯದು! ಇದನ್ನು ಓದಿದ ದಿನ ನಾನು ಅಡುಗೆಮನೆಗೆ ಓಡಿಹೋಗಿ ಅಮ್ಮನಿಗೆ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "5 ಲಕ್ಷಾನಾ? ಕೂಲಿ ಎಷ್ಟು ಕೊಟ್ರಂತೆ?" ಎಂದರು. ಸರಿಯಾದ ಪ್ರಶ್ನೆ ಅದು. ಅಷ್ಟು ಚಿಟ್ಟೆಯ ಕೆಲಸ ಒಬ್ಬರ ಕೈಯಲ್ಲಿ ಆಗುವುದಿಲ್ಲ ಎಂದು ಚಿಟ್ಟೆ ಮುಟ್ಟಿದವರಿಗೇ ಗೊತ್ತು.

ನೋವಿನ ಪಾಠ ಕಲಿತದ್ದು ನೂಲು ಬಿಚ್ಚುವ ಮನೆಯಲ್ಲಿ. ಗೂಡು ಬೇಯಿಸುವ ನೀರಿಗೆ ಬೆರಳು ತಗುಲಿದರೆ ಮೊದಲು ಚುರುಕ್ ಎನ್ನುತ್ತದೆ, ಕೈ ಹಿಂದಕ್ಕೆ ಬಂದುಬಿಡುತ್ತದೆ, ಆಮೇಲೆ ನಿಧಾನವಾಗಿ ಉರಿ ಶುರುವಾಗುತ್ತದೆ. ಎರಡೂ ಬೇರೆ ಬೇರೆ ತಂತುಗಳ ಕೆಲಸ. ಚುರುಕ್ ಅನ್ನುವುದನ್ನು ತರುವ ತಂತುವಿಗೆ ತೆಳುವಾದ ಮಯಲಿನ್ ಹೊದಿಕೆ ಇದೆ, ಅದು ಸೆಕೆಂಡಿಗೆ 5ರಿಂದ 30 ಮೀಟರ್ ಓಡುತ್ತದೆ. ಉರಿ ತರುವುದಕ್ಕೆ ಹೊದಿಕೆ ಇಲ್ಲ, ಸೆಕೆಂಡಿಗೆ ಹೆಚ್ಚೆಂದರೆ 2 ಮೀಟರ್. ಕೈ ಹಿಂದೆ ಬರುವ ತೀರ್ಮಾನ ಮಾತ್ರ ಮೆದುಳಿಗೆ ಸುದ್ದಿ ತಲುಪುವ ಮೊದಲೇ ಬೆನ್ನುಹುರಿಯಲ್ಲೇ ಆಗಿರುತ್ತದೆ.

ಇನ್ನು ಕುರಿ ಮೆದುಳು. ಮಾಂಸದ ಅಂಗಡಿಯವರಿಗೆ ಹಿಂದಿನ ದಿನವೇ ಹೇಳಿ, ಒಡೆಯದ ಹಾಗೆ ತೆಗೆಸಿಕೊಂಡು ಕಾಲೇಜಿನ ಪ್ರಯೋಗಾಲಯಕ್ಕೆ ಒಯ್ದೆವು. ಮೊದಲ ಸಲ ಹಸಿಯಾಗಿಯೇ ಕೊಯ್ಯಲು ಹೋಗಿ ಕೆಡಿಸಿಕೊಂಡೆವು. ಹಸಿ ಮೆದುಳು ಗಟ್ಟಿ ಮೊಸರಿನ ಹಾಗೆ, ಬ್ಲೇಡಿಗೆ ನಿಲ್ಲುವುದಿಲ್ಲ. ಎರಡನೇ ಸಲ ಮೇಡಂ ಫಾರ್ಮಲಿನ್‌ನಲ್ಲಿ ಎರಡು ವಾರ ಇಟ್ಟು ಗಟ್ಟಿಯಾದ ಮೇಲೆ, ಕಿಟಕಿ ತೆಗೆಸಿ, ಕೈಗವಸು ಹಾಕಿಸಿ ಕೊಯ್ಯಿಸಿದರು. ಚಿತ್ರದಲ್ಲಿ ಎಷ್ಟು ಸಲ ನೋಡಿದರೂ ಅರ್ಥವಾಗದ್ದು ಅಲ್ಲಿ ಅರ್ಥವಾಯಿತು. ಒಳಮನೆ ನಿಜವಾಗಿಯೂ ನಡುಮಧ್ಯದಲ್ಲಿದೆ, ಎಲ್ಲ ಬಾಗಿಲೂ ಅದರತ್ತಲೇ ತೆರೆಯುತ್ತವೆ. ಅನುಮಸ್ತಿಷ್ಕವನ್ನು ಸೀಳಿದರೆ ಒಳಗೆ ಬಿಳಿ ಮರವೊಂದು ರೆಂಬೆ ಚಾಚಿ ನಿಂತಿದೆ. ಮುಂದೆ ವಾಸನೆಯ ಗಡ್ಡೆಗಳು ಎಷ್ಟು ದೊಡ್ಡವು ಎಂದರೆ, ಕುರಿ ಯಾಕೆ ಮೂಗು ಚಾಚಿಕೊಂಡೇ ನಡೆಯುತ್ತದೆ ಎಂದು ಕೇಳಬೇಕಾಗಲಿಲ್ಲ. ಈ ಸ್ಪರ್ಧೆಗೆ ಹೋಗುವವರು ಬೇರೆ ಏನು ಬಿಟ್ಟರೂ ಇದೊಂದನ್ನು ಬಿಡಬಾರದು ಎನ್ನುತ್ತೇನೆ. ಫಾರ್ಮಲಿನ್ ಕೆಲಸ ಮಾತ್ರ ಮೇಷ್ಟ್ರಿಲ್ಲದೆ ಮಾಡಬೇಡಿ, ಅದರ ಆವಿ ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು.

ಈಗ ತಾತನ ವಿಷಯ.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ಒಂದು ಬೆಳಿಗ್ಗೆ ತಾತನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಬಲಗೈ ಜೋತುಬಿದ್ದಿತು, ಮಾತು ನಿಂತುಹೋಯಿತು. ಲಕ್ವ ಹೊಡೆದಿದೆ ಎಂದರು. ಯಾರೋ ಪಾರಿವಾಳದ ರಕ್ತ ಹಚ್ಚಿದರೆ ಸರಿಹೋಗುತ್ತದೆ ಎಂದರು. ಪಾರಿವಾಳ ಹುಡುಕಿ, ಹಚ್ಚಿ, ಉಜ್ಜಿ, ಸಂಜೆಯಾಯಿತು. ಆಸ್ಪತ್ರೆಗೆ ಕರೆದೊಯ್ದದ್ದು ಮಾರನೆಯ ದಿನ. ಕೈಗೆ ಸ್ವಲ್ಪ ಬಲ ಬಂತು, ಮಾತು ಬರಲಿಲ್ಲ. ನಮ್ಮ ಮನೆಯಲ್ಲಿ ಹಿರಿಯರು ತೆಲುಗು ಮಾತಾಡುತ್ತಾರೆ, ಹೊರಗೆ ಕನ್ನಡ. ತಾತನಿಗೆ ಎರಡೂ ನೀರು ಕುಡಿದಷ್ಟು ಸಲೀಸಾಗಿತ್ತು. ಈಗ ಉಳಿದಿದ್ದು ಒಂದೇ ಮಾತು, ತೆಲುಗಿನ "ಔನು", ಅಂದರೆ ಹೌದು. ಊಟಕ್ಕೂ ಔನು, ಬೇಡಕ್ಕೂ ಔನು, ಸಿಟ್ಟು ಬಂದರೂ ಔನು. ನಾವು ಹೇಳಿದ್ದೆಲ್ಲ ಅವರಿಗೆ ತಿಳಿಯುತ್ತಿತ್ತು. ತಿಳಿದೂ ಹೇಳಲಾಗದೆ ಅವರ ಕಣ್ಣಲ್ಲಿ ನೀರು ಬರುತ್ತಿತ್ತು. ಊರಿನವರು ಬಂದು, "ತಾತನಿಗೆ ಬುದ್ಧಿ ಸ್ವಾಧೀನ ಇಲ್ಲ" ಎಂದು ಅವರ ಎದುರಿಗೇ ಹೇಳಿ ಹೋಗುತ್ತಿದ್ದರು.

'ಬ್ರೈನ್ ಫ್ಯಾಕ್ಟ್ಸ್'ನ ಭಾಷೆಯ ಪಾಠದಿಂದ ಶುರುಮಾಡಿ ಸಿಕ್ಕಿದ್ದನ್ನೆಲ್ಲ ಓದುತ್ತಾ ಹೋದೆ. 1861ರಲ್ಲಿ ಪ್ಯಾರಿಸ್ಸಿನ ಪಾಲ್ ಬ್ರೋಕಾ ಎಂಬ ವೈದ್ಯರ ಬಳಿಗೆ ಲೆಬೋರ್ನ್ ಎಂಬ ರೋಗಿ ಬಂದಿದ್ದ. ವರ್ಷಗಟ್ಟಲೆ ಅವನ ಬಾಯಲ್ಲಿ ಬರುತ್ತಿದ್ದದ್ದು "ತಾನ್" ಎಂಬ ಒಂದೇ ಸದ್ದು. ಹೇಳಿದ್ದು ಅವನಿಗೆ ಅರ್ಥವಾಗುತ್ತಿತ್ತು. ಅವನು ತೀರಿಕೊಂಡ ಮೇಲೆ ಬ್ರೋಕಾ ನೋಡಿದಾಗ ಮೆದುಳಿನ ಎಡಭಾಗದ ಮುಂದಿನ ಹಾಲೆಯಲ್ಲಿ ಹಾನಿಯಾಗಿತ್ತು. ನಾನು ಪುಸ್ತಕ ಮುಚ್ಚಿಟ್ಟು ಜಗಲಿಗೆ ಹೋದೆ. ತಾತ ಕೂತಿದ್ದರು. ನನಗಿಂತ ನೂರೈವತ್ತು ವರ್ಷ ಹಿಂದೆಯೇ ಒಬ್ಬರು ನಮ್ಮ ತಾತನಂಥವರ ಹತ್ತಿರ ಕೂತು, ಇವನಿಗೆ ಬುದ್ಧಿ ಇದೆ, ಮಾತಿನ ದಾರಿ ಮಾತ್ರ ಕೆಟ್ಟಿದೆ ಎಂದು ಕಂಡುಕೊಂಡಿದ್ದರು. ಅವತ್ತೇ ಮನೆಯಲ್ಲಿ ಎಲ್ಲರಿಗೂ ಹೇಳಿದೆ: ತಾತನ ಎದುರು ಇನ್ನು ಯಾರೂ ಹಾಗೆ ಮಾತಾಡಬಾರದು.

ಅದೇ ಓದಿನಲ್ಲಿ ಇನ್ನೊಂದು ಸಾಲು ಸಿಕ್ಕಿತು. ದೊಡ್ಡ ರಕ್ತನಾಳವೊಂದು ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಹೆಪ್ಪು ಕರಗಿಸುವ ಔಷಧಿ ಇದೆ, ಸ್ಕ್ಯಾನ್ ಮಾಡಿ, ರಕ್ತಸ್ರಾವವಲ್ಲ ಎಂದು ಖಚಿತ ಮಾಡಿಕೊಂಡು, ನಾಲ್ಕೂವರೆ ಗಂಟೆಯ ಒಳಗೆ ಕೊಡಬೇಕು. ನಾನು ಆ ದಿನದ ಬೆಳಗಿನಿಂದ ಸಂಜೆಯವರೆಗಿನ ಗಂಟೆಗಳನ್ನು ಎಣಿಸಿದೆ. ಯಾರನ್ನೂ ದೂರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ. ಆದರೆ ಅಂದಿನಿಂದ ನನಗೆ ಈ ಸ್ಪರ್ಧೆ ಸ್ಪರ್ಧೆಯಾಗಿ ಉಳಿಯಲಿಲ್ಲ.

ತಾತ ಭಜನೆ ಮನೆಯವರು. ಮಾತು ಹೋದ ಮೇಲೂ ಏಕಾದಶಿಯ ದಿನ ತಾಳದ ಸದ್ದು ಕೇಳಿದರೆ ಪದದ ಸಾಲುಗಳನ್ನು ಹಾಡಿಬಿಡುತ್ತಿದ್ದರು, ಅಕ್ಷರ ತಪ್ಪದೆ. ಮನೆಯವರು ಇದನ್ನು ದೇವರ ಮಹಿಮೆ ಎಂದುಕೊಂಡಿದ್ದರು. ಹಾಡಿನಲ್ಲಿ ಮೆದುಳಿನ ಬಲಭಾಗದ ಪಾಲು ದೊಡ್ಡದು, ಆ ಭಾಗ ತಾತನಿಗೆ ಚೆನ್ನಾಗಿಯೇ ಇತ್ತು. ಹಾಡಿನ ಧಾಟಿಯಲ್ಲಿ ಮಾತು ಹೊರಡಿಸುವ ಒಂದು ಚಿಕಿತ್ಸೆ 1970ರ ದಶಕದಿಂದಲೂ ಇದೆ ಎಂದು ಓದಿದೆ. ನಾವು ಮನೆಯಲ್ಲೇ ಮಾಡಿನೋಡಿದೆವು. ತಾತನ ಎಡಗೈಯನ್ನು ನನ್ನ ಕೈಯಲ್ಲಿ ಹಿಡಿದು ತೊಡೆಯ ಮೇಲೆ ತಾಳ ಹಾಕುತ್ತಾ, ಭಜನೆಯ ಧಾಟಿಯಲ್ಲೇ "ನೀಳ್ಳು" (ತೆಲುಗಿನಲ್ಲಿ ನೀರು) ಎಂದು ಎಳೆದು ಹಾಡುವುದು. ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಬಿಸಿಲಿನಲ್ಲಿ ತಾತ ತಾವಾಗಿ "ನೀ...ಳ್ಳು" ಎಂದು ಹಾಡಿದರು. ಅಜ್ಜಿ ಚೊಂಬು ತಂದುಕೊಡುವಾಗ ಅವರ ಕೈ ನಡುಗುತ್ತಿತ್ತು. ಇಂಥವರಿಗೆ ಮಾತಿನ ಚಿಕಿತ್ಸೆ ಕೊಡುವ ತಜ್ಞರಿದ್ದಾರೆ, ಅವರ ಹತ್ತಿರ ಕರೆದೊಯ್ಯುವುದು ಸರಿಯಾದ ದಾರಿ. ನಾವೂ ಆಮೇಲೆ ಹೋದೆವು.

ಸ್ಪರ್ಧೆಗೆ ಮೂರು ವಾರ ಮುಂಚೆ ಮೇಡಂ ನಮ್ಮ ಮೂವರನ್ನೂ ಬೆಂಗಳೂರಿನ ನಿಮ್ಹಾನ್ಸ್‌ನ ಮೆದುಳು ಸಂಗ್ರಹಾಲಯಕ್ಕೆ ಕರೆದೊಯ್ದರು. ಬೆಳಗಿನ ಬಸ್ಸಿಗೆ ಹತ್ತಿ, ವಿಜಯಪುರ, ದೇವನಹಳ್ಳಿ ದಾಟಿ ಮೆಜೆಸ್ಟಿಕ್, ಅಲ್ಲಿಂದ ಹೊಸೂರು ರಸ್ತೆ. ಗಾಜಿನ ಜಾಡಿಗಳ ಸಾಲು: ಗಡ್ಡೆ ಬೆಳೆದದ್ದು, ಪೆಟ್ಟು ಬಿದ್ದದ್ದು, ಲಕ್ವ ಹೊಡೆದದ್ದು, ಲಾಡಿಹುಳುವಿನ ಮರಿಗಳು ಹೊಕ್ಕು ಕಾಳುಕಾಳಾಗಿ ಕೂತದ್ದು. ಈ ಕೊನೆಯದನ್ನು ನಾನು ತುಂಬಾ ಹೊತ್ತು ನೋಡಿದೆ. ಹುಳುವಿನ ಮೊಟ್ಟೆ ಕೊಳಕು ನೀರು, ತೊಳೆಯದ ತರಕಾರಿಯಿಂದ ಹೊಟ್ಟೆ ಸೇರುತ್ತದೆ, ಮಾಂಸ ತಿನ್ನದವರಿಗೂ ಬರುತ್ತದೆ, ಬಂದರೆ ಮೂರ್ಛೆ ಬರಬಹುದು. ನಮ್ಮ ಜೊತೆ ಓದುತ್ತಿದ್ದ ಒಬ್ಬಳಿಗೆ ಮೂರ್ಛೆ ಬಂದಾಗಲೆಲ್ಲ ಕೈಗೆ ಬೀಗದ ಕೈ ಹಿಡಿಸುತ್ತಿದ್ದರು. ಕಬ್ಬಿಣದಿಂದ ಏನೂ ಆಗುವುದಿಲ್ಲ. ಪಕ್ಕಕ್ಕೆ ಹೊರಳಿಸಿ ಮಲಗಿಸಿ, ಸುತ್ತ ಇರುವ ಗಟ್ಟಿ ವಸ್ತು ಸರಿಸಿ, ಬಾಯಿಗೆ ಏನನ್ನೂ ತುರುಕದೆ, ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ ಆಸ್ಪತ್ರೆ.

ಅಲ್ಲಿ ಕೈಗವಸು ಕೊಟ್ಟು ನಿಜವಾದ ಮೆದುಳನ್ನು ಕೈಯಲ್ಲಿ ಹಿಡಿಯಲು ಬಿಟ್ಟರು. ದೊಡ್ಡವರ ಮೆದುಳು ಸುಮಾರು 1.3 ಕಿಲೋ. ಒಂದು ದೊಡ್ಡ ಬೆಲ್ಲದ ಅಚ್ಚಿನಷ್ಟು ಭಾರ. ಎಡಬದಿಯನ್ನು ನನ್ನ ಕಡೆ ತಿರುಗಿಸಿಕೊಂಡು, ಮುಂದಿನ ಹಾಲೆಯ ಕೆಳಗಿನ ಮಡಿಕೆಯ ಮೇಲೆ ಹೆಬ್ಬೆರಳು ಇಟ್ಟೆ. ಹೆಬ್ಬೆರಳಿನಲ್ಲಿ ಮುಚ್ಚಿಹೋಗುವಷ್ಟು ಜಾಗ. ಅಷ್ಟರೊಳಗೆ ತಾತನ ಮಾತುಗಳು ಇದ್ದವು. ಅದನ್ನು ದಾನ ಮಾಡಿದವರು ಯಾರೋ, ಅವರ ಮನೆಯವರು ಯಾರೋ. ಕೆಳಗಿಡುವಾಗ ಮನಸ್ಸಿನಲ್ಲೇ ನಮಸ್ಕಾರ ಮಾಡಿದೆ.

ಸ್ಪರ್ಧೆಯ ದಿನ ಬೆಂಗಳೂರಿನ ಒಂದು ಕಾಲೇಜಿನ ಸಭಾಂಗಣ. ಬಂದವರಲ್ಲಿ ಹೆಚ್ಚಿನವರು ನಗರದ ದೊಡ್ಡ ಶಾಲೆಗಳವರು. ಬರವಣಿಗೆಯ ಸುತ್ತು ಸಲೀಸಾಗಿ ಹೋಯಿತು. ಎಚ್.ಎಂ. ಎಂಬ ಹೆಸರಿನಿಂದ ಪ್ರಸಿದ್ಧನಾದ ರೋಗಿಯ ಬಗ್ಗೆ ಕೇಳಿದ್ದರು, 1953ರ ಶಸ್ತ್ರಕ್ರಿಯೆಯಲ್ಲಿ ಕಡಲಕುದುರೆ ಕಳೆದುಕೊಂಡು ಹೊಸ ನೆನಪು ಕಟ್ಟಲಾಗದೆ ಹೋದವನು. ಕ್ರಿಮಿನಾಶಕದ ವಿಷಕ್ಕೆ ಅಟ್ರೋಪಿನ್ ಯಾಕೆ ಎಂದು ಕೇಳಿದ್ದರು. ನರಕೋಶಗಳ ಸಂಖ್ಯೆ ಕೇಳಿದ್ದರು, ಸುಮಾರು 8,600 ಕೋಟಿ. ಗಾಲ್ಜಿ ಮತ್ತು ಕಹಾಲ್ ಹಂಚಿಕೊಂಡ 1906ರ ನೊಬೆಲ್ ಕೇಳಿದ್ದರು. ಗಾಲ್ಜಿ ನರಗಳೆಲ್ಲ ನೇಯ್ದ ಬಟ್ಟೆಯ ಹಾಗೆ ಒಂದೇ ಜಾಲ ಎಂದುಕೊಂಡಿದ್ದರು. ಅವರೇ ಕಂಡುಹಿಡಿದ ಕಪ್ಪು ಬಣ್ಣದ ವಿಧಾನದಿಂದಲೇ ಕಹಾಲ್, ಇಲ್ಲ, ಒಂದೊಂದು ಕೋಶವೂ ಬೇರೆ ಬೇರೆ ಗೂಡು ಎಂದು ತೋರಿಸಿದರು. ಇಬ್ಬರನ್ನೂ ಒಂದೇ ವೇದಿಕೆಯಲ್ಲಿ ನಿಲ್ಲಿಸಿದ ಆ ಬಹುಮಾನ ನನಗೆ ತುಂಬಾ ಇಷ್ಟ.

ಎರಡನೇ ಸುತ್ತಿನಲ್ಲಿ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ರೋಗಿಯಾಗಿ ಬಂದು ಕೂತರು. ಬಲಗೈ ಮಡಿಲಲ್ಲಿ ಬಿದ್ದಿತ್ತು. ಹೆಸರು ಕೇಳಿದರೆ ಬಾಯಿ ತೆರೆದು, ತಡವರಿಸಿ, ಒಂದೇ ಸದ್ದು ಹೊರಡಿಸಿದರು. "ಕಣ್ಣು ಮುಚ್ಚಿ, ಎಡಗೈ ಎತ್ತಿ" ಎಂದರೆ ಸರಿಯಾಗಿ ಮಾಡಿದರು. ಮಾತು ಬಾರದ್ದಕ್ಕೆ ಅವರು ಮುಖ ತಿರುಗಿಸಿಕೊಂಡ ರೀತಿ ನೋಡಿ ನನಗೆ ಗಂಟಲು ಕಟ್ಟಿತು. ಬ್ರೋಕಾ ಅಫೇಸಿಯಾ, ಎಡ ಮುಂದಿನ ಹಾಲೆ, ಎಡಗಡೆಯ ನಡು ಸೆರೆಬ್ರಲ್ ಅಪಧಮನಿಯ ಮೇಲಿನ ಕವಲು ಎಂದು ಬರೆದೆ. ಪಕ್ಕದಲ್ಲಿದ್ದ ಇಬ್ಬರು ಮರೆವಿನ ಕಾಯಿಲೆ ಎಂದು ಬರೆದಿದ್ದರೆಂದು ಆಮೇಲೆ ತಿಳಿಯಿತು. ಊರಿನವರು ತಾತನ ಬಗ್ಗೆ ಅಂದುಕೊಂಡದ್ದೂ ಅದನ್ನೇ.

ಕೊನೆಯದು ಮಾತಿನ ಸುತ್ತು. ಏಳು ಜನ ಉಳಿದಿದ್ದೆವು. ಪ್ರಶ್ನೆ ಕೇಳುತ್ತಾರೆ, ಹದಿನೈದು ಸೆಕೆಂಡಿನೊಳಗೆ ಉತ್ತರ ಹೇಳಬೇಕು. ನನ್ನ ಮೂರನೇ ಪ್ರಶ್ನೆ: ದೇಹದ ಹಗಲು ರಾತ್ರಿಯ ಗಡಿಯಾರ ನಡೆಸುವ ಕೋಶಗಳ ಗುಂಪು ಯಾವುದು? ನೋಟ್‌ಬುಕ್ಕಿನ ಪುಟ ಕಣ್ಣ ಮುಂದೆ ಬಂತು. ಎರಡು ಕಣ್ಣಿನ ನರಗಳು ಕತ್ತರಿಯ ಹಾಗೆ ಅಡ್ಡ ಹಾಯುವ ಜಾಗ, ಅದರ ಮೇಲೆಯೇ ಕೂತ ಪುಟ್ಟ ಗಡಿಯಾರ. ನಾನು ಅದಕ್ಕೆ ಇಟ್ಟ ಹೆಸರು 'ಕತ್ತರಿ ಮೇಲಿನ ಗಡಿಯಾರ'. ಅಮ್ಮ ಹತ್ತು ಸಲ ಕೇಳಿದ್ದರು, ಹತ್ತು ಸಲವೂ ಹೇಳಿದ್ದೆ. ಈಗ ಬೇಕಾದ ಹೆಸರು ನಾಲಿಗೆಗೆ ಬರಲಿಲ್ಲ. ಸುಪ್ರಾ ಎಂದು ಶುರುಮಾಡಿ ನಿಂತೆ. ಗಂಟೆ ಬಾರಿಸಿತು. ನಾಲ್ಕನೇ ಸ್ಥಾನ. ಮುಂದಿನ ಸುತ್ತಿಗೆ ಆಯ್ಕೆಯಾದದ್ದು ಮೊದಲ ಮೂವರು.

ಬಸ್ಸಿನಲ್ಲಿ ದೇವನಹಳ್ಳಿಯವರೆಗೆ ಅತ್ತೆ. ಮೇಡಂ ಅಳಲು ಬಿಟ್ಟರು. ವಿಜಯಪುರ ದಾಟಿದ ಮೇಲೆ, "ಗೊತ್ತಿಲ್ದೆ ಸೋತಿಲ್ಲಮ್ಮ ನೀನು. ಗೊತ್ತಿರೋದನ್ನ ಬಾಯಿಬಿಟ್ಟು ಹೇಳಿ ರೂಢಿ ಇರ್ಲಿಲ್ಲ" ಎಂದರು.

ಅವರ ಮಾತು ಸರಿ. ಕನ್ನಡದಲ್ಲಿ ಕಲಿತದ್ದು ತಪ್ಪಾಯಿತೆಂದು ಒಂದು ದಿನವೂ ನನಗೆ ಅನ್ನಿಸಿಲ್ಲ. ಇಂಗ್ಲಿಷಿನ ಉರುವಿನಲ್ಲೇ ಉಳಿದಿದ್ದರೆ ಮೊದಲ ಸುತ್ತೂ ದಾಟುತ್ತಿರಲಿಲ್ಲ. ಅಮ್ಮ ನನಗೆ ಪಾಠ ಕೇಳುತ್ತಿರಲಿಲ್ಲ, ತಾತ "ನೀಳ್ಳು" ಎನ್ನುತ್ತಿರಲಿಲ್ಲ. ಆದರೆ ಎರಡನೇ ಹೆಜ್ಜೆ ನಾನು ಇಡಲಿಲ್ಲ. ಅರ್ಥ ಕೂತ ಮೇಲೆ ಆ ಗ್ರೀಕ್ ಲ್ಯಾಟಿನ್ ಹೆಸರನ್ನು ಗಟ್ಟಿಯಾಗಿ, ಇನ್ನೊಬ್ಬರ ಎದುರು, ಗಡಿಯಾರ ಇಟ್ಟುಕೊಂಡು ಹೇಳಿ ಹೇಳಿ ನಾಲಿಗೆಗೆ ಇಳಿಸಬೇಕಿತ್ತು. ಕಣ್ಣಿಗೆ ಗೊತ್ತಿದ್ದದ್ದು ನಾಲಿಗೆಗೆ ಗೊತ್ತಿರಬೇಕೆಂದಿಲ್ಲ. ನಮ್ಮ ಮನೆಯಲ್ಲಿದ್ದುಕೊಂಡು ನಾನು ಇದನ್ನು ಎಲ್ಲರಿಗಿಂತ ಮೊದಲೇ ತಿಳಿಯಬೇಕಿತ್ತು.

ಆ ವರ್ಷದ ಕೊನೆಗೆ ನಮ್ಮೂರಿನ ಶಾಲೆಯಲ್ಲಿ, ಆಮೇಲೆ ಹಾಲಿನ ಡೇರಿ ಹತ್ತಿರ, ಲಕ್ವದ ಗುರುತುಗಳನ್ನು ಹೇಳಿಕೊಟ್ಟೆ: ನಗಲು ಹೇಳಿ, ಬಾಯಿ ಒಂದು ಕಡೆಗೆ ಎಳೆಯುತ್ತದಾ ನೋಡಿ. ಎರಡೂ ಕೈ ಎತ್ತಲು ಹೇಳಿ, ಒಂದು ಕೆಳಗಿಳಿಯುತ್ತದಾ ನೋಡಿ. ಒಂದು ಸಾಲು ಮಾತಾಡಿಸಿ, ತೊದಲುತ್ತಾರಾ ಕೇಳಿ. ಮೂರರಲ್ಲಿ ಒಂದಿದ್ದರೂ ಗಂಟೆ ನೋಡಿಕೊಂಡು 108ಕ್ಕೆ ಫೋನ್ ಮಾಡಿ, ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಿ. ತಾತನೂ ಬಂದು ಮುಂದೆ ಕೂತಿದ್ದರು. ಪ್ರತಿ ಸಾಲಿಗೂ "ಔನು" ಎಂದರು.

ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯೊಂದು ಕಾಲೇಜಿನ ಪ್ರಯೋಗಾಲಯದಲ್ಲಿದೆ. ಈ ವರ್ಷ ಚಿಂತಾಮಣಿ ಕಡೆಯಿಂದ ಬರುವ ಒಬ್ಬ ಹುಡುಗಿ ಅದನ್ನು ಹಿಡಿದು ತಯಾರಾಗುತ್ತಿದ್ದಾಳೆ. ಮೊನ್ನೆ ರಾತ್ರಿ ಫೋನ್ ಮಾಡಿ, "ಅಕ್ಕಾ, ಕತ್ತರಿ ಮೇಲಿನ ಗಡಿಯಾರದ ಪುಟದಲ್ಲಿ ಇಂಗ್ಲಿಷ್ ಹೆಸರೇ ಇಲ್ಲ" ಎಂದಳು. ಬರೆದುಕೊಳ್ಳಬೇಡ, ನನ್ನ ಜೊತೆ ಹೇಳು ಎಂದೆ. ಸುಪ್ರಾಕಯಾಸ್ಮ್ಯಾಟಿಕ್ ನ್ಯೂಕ್ಲಿಯಸ್. ಅವಳು ಹೇಳಿದಳು. ಇನ್ನೊಂದು ಸಲ ಎಂದೆ. ಹೇಳಿದಳು. ಹಿಂದಿನಿಂದ ಅವರಮ್ಮ ಇರಬೇಕು, ಅವರೂ ಮೆಲ್ಲಗೆ ಹೇಳಿನೋಡಿದ್ದು ಕೇಳಿಸಿತು.